ಸೀಸೆಯ ಮೇಲಣ ಊರ ಹೆಸರು

ಗೃಹಸ್ಥರ ಮನೆಗಳಲ್ಲಿ ಹಿರಿಯರೂ ಕಿರಿಯರೂ ಕೂಡಿ ಓದುವ ಮಾಸಪತ್ರಿಕೆಯಲ್ಲಿ ದ್ರಾಕ್ಷಾಮದ್ಯದ ವಿಚಾರವನ್ನೆತ್ತುವುದು ಉಚಿತವೇ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಿಯಾರು. ಅವರಲ್ಲಿ ಮೊದಲೇ ಒಂದು ಅರಿಕೆ. ನಾವು ಆ ಪದಾರ್ಥವನ್ನು ರುಚಿ ನೋಡಿದವರಲ್ಲ. ನೋಡಿರೆಂದು ಯಾರಿಗೂ ಹೇಳುವವರೂ ಅಲ್ಲ. ನಮ್ಮ ಮನಸ್ಸನ್ನು ಈ ವಿಷಯಕ್ಕೆ ಸೆಳೆದದ್ದು ಸೀಸೆಗೆ ಅಂಟಿಸಿದ ಒಂದು ಚೀಟಿ, ಆ ಚೀಟಿಯೊಳಗಣ ಒಂದು ತದ್ಧಿತ ಪ್ರತ್ಯಯ. ಸಂಸ್ಕೃತವನ್ನು ಓದಿ, ಮಕ್ಕಳಿಗೆ ಓದಿಸಿ, ಮುಪ್ಪಿನ ಹೊಸ್ತಿಲಿಗೆ ಬಂದವರಿಗೆ ಇಂತಹ ಚಪಲಗಳು ಉಳಿದಿರುವುದುಂಟು, ವಾಚಕರು ಕ್ಷಮಿಸಬೇಕು.

ಸಂಗತಿ ಇದು. ನಮ್ಮಲ್ಲಿ ಓದಿ ಈಗ ಜರ್ಮನಿ ದೇಶದಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬನು ರಜೆಯಲ್ಲಿ ಊರಿಗೆ ಬಂದಿದ್ದಾಗ ನಮ್ಮನ್ನು ಕಾಣಲು ಬಂದನು. ಹಣ್ಣು ಹಂಪಲುಗಳನ್ನಿಟ್ಟು ನಮಸ್ಕರಿಸಿದ ತರುವಾಯ, ಕಿಸೆಯಿಂದ ಎರಡು ಚೀಟಿಗಳನ್ನು ತೆಗೆದು ಮುಂದಿಟ್ಟನು. ಎರಡೂ ಸೀಸೆಗಳಿಂದ ನೀರಿನಲ್ಲಿ ನೆನೆಸಿ ಬಿಡಿಸಿದವು. ಒಂದರ ಮೇಲೆ "ಪೀಸ್‌ಪೋರ್ಟರ್ ಗೋಲ್ಡ್‌ಟ್ರೋಪ್ಫ್‌ಖೆನ್" ಎಂದಿತ್ತು. ಇನ್ನೊಂದರ ಮೇಲೆ "ಪೀಸ್‌ಪೋರ್ಟರ್ ಮಿಖೆಲ್ಸ್‌ಬೆರ್ಗ್" ಎಂದಿತ್ತು. "ಮೇಷ್ಟರೇ, ಪೀಸ್‌ಪೋರ್ಟ್ ಎಂಬುದು ಮೋಸೆಲ್ ನದೀತೀರದ ಒಂದು ಹಳ್ಳಿ. ವ್ಯಾಕರಣದ ಪ್ರಕಾರ ಈ ಎರಡಕ್ಕೂ ಭೇದವೇನು, ಹೇಳಿ" ಎಂದನು. ನಾವು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದೆವು. ಊರ ಹೆಸರಿಗೆ 'ಎರ್' ಎಂಬ ಪ್ರತ್ಯಯ ಸೇರಿ 'ಆ ಊರಿನ' ಎಂಬ ಅರ್ಥವಾಗಿದೆ. ಅದರ ಮುಂದೆ ತೋಟದ ಹೆಸರು. ಒಂದಕ್ಕೆ 'ಚಿನ್ನದ ಕಿರುಹನಿ' ಎಂದು, ಮತ್ತೊಂದಕ್ಕೆ 'ಮಿಖಾಯೇಲನ ಬೆಟ್ಟ' ಎಂದು ಅರ್ಥ. ಭೇದವೇನೂ ಕಾಣದು ಎಂದೆವು. ಆತನು ನಕ್ಕು, "ಮೊದಲನೆಯದು ಆ ಹಳ್ಳಿಯ ಕಡಿದಾದ ಬೆಟ್ಟದ ಓರೆಯಲ್ಲಿ ಬೆಳೆದದ್ದು. ಎರಡನೆಯದು ಸುತ್ತಣ ಅನೇಕ ಊರುಗಳ ಬಯಲು ತೋಟಗಳಲ್ಲಿ ಎಲ್ಲಿ ಬೇಕಾದರೂ ಬೆಳೆದಿರಬಹುದು. ಪೀಸ್‌ಪೋರ್ಟಿನ ಮಣ್ಣನ್ನು ಕಾಣದೆಯೂ ಇರಬಹುದು. ಬೆಲೆಯಲ್ಲಿ ನಾಲ್ಕೈದು ಪಟ್ಟು ಅಂತರ. ಆದರೆ ಎರಡೂ ಕಾಯಿದೆಗೆ ಸಮ್ಮತವಾದ ಚೀಟಿಗಳೇ" ಎಂದನು.

ವ್ಯಾಕರಣವು ಒಂದೇ ಎಂದದ್ದನ್ನು ವ್ಯವಹಾರವು ಎರಡೆನ್ನುವುದು, ಅದಕ್ಕೆ ರಾಜಶಾಸನವೇ ಸಾಕ್ಷಿ ನಿಲ್ಲುವುದು! ಈ ಸೋಜಿಗವು ಹೇಗಾಯಿತೆಂದು ತಿಳಿಯುವವರೆಗೆ ನಮಗೆ ಸಮಾಧಾನವಾಗಲಿಲ್ಲ.

ದ್ರಾಕ್ಷಾರಸವನ್ನು ಹುಟ್ಟಿದ ಊರಿನಿಂದ ಕರೆಯುವ ರೂಢಿಯು ಪಾಶ್ಚಾತ್ಯರೇ ಕಂಡುಹಿಡಿದದ್ದೆಂದು ಯಾರೂ ಭಾವಿಸಬೇಕಾದದ್ದಿಲ್ಲ. ಇಂದಿನ ಆಫ್ಘಾನಿಸ್ತಾನದಲ್ಲಿ, ಕಾಬೂಲಿಗೆ ಉತ್ತರದಲ್ಲಿ, ಕಾಪಿಶೀ ಎಂಬ ನಗರವಿದ್ದಿತು. ಭಗವಾನ್ ಪಾಣಿನಿಯು ತನ್ನ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಆ ಒಂದು ಊರ ಹೆಸರಿಗೆಂದೇ ಪ್ರತ್ಯೇಕವಾಗಿ ಒಂದು ಪ್ರತ್ಯಯವನ್ನು ವಿಧಿಸಿದ್ದಾನೆ. ಅದರಿಂದ 'ಕಾಪಿಶಾಯನ' ಎಂಬ ರೂಪವಾಗುವುದು. ಅದಕ್ಕೆ ವೃತ್ತಿಕಾರರು ಕೊಡುವ ಉದಾಹರಣೆಗಳು ಅಲ್ಲಿಯ ದ್ರಾಕ್ಷಿ ಮತ್ತು ಅಲ್ಲಿಯ ಮಧು. ಕೌಟಿಲ್ಯನೂ ತನ್ನ ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣದಲ್ಲಿ ದ್ರಾಕ್ಷಿಯ ರಸವಾದ ಮಧುವನ್ನು ಹೇಳಿ, ಅದರ ವಿವರಣೆಯನ್ನು ಅದು ಹುಟ್ಟಿದ ದೇಶದಿಂದಲೇ ತಿಳಿಯತಕ್ಕದ್ದೆಂದು ಹೇಳಿ, ಕಾಪಿಶಾಯನ, ಹಾರಹೂರಕ ಎಂಬ ಎರಡು ಹೆಸರುಗಳನ್ನು ಕೊಡುತ್ತಾನೆ. ಮಿಕ್ಕ ಮದ್ಯಗಳಿಗೆಲ್ಲ ಇಷ್ಟು ಅಕ್ಕಿ, ಇಷ್ಟು ಬೆಲ್ಲ ಎಂದು ಅಳತೆ ಬರೆದವನು ದ್ರಾಕ್ಷಿಗೆ ಬಂದೊಡನೆ ಅಳತೆಯನ್ನು ಬಿಟ್ಟು ಊರನ್ನು ಹಿಡಿದುದು ಗಮನಾರ್ಹವಲ್ಲವೇ? ಆ ಮಹಾಗ್ರಂಥದ ತಾಳೆಯೋಲೆಯು ದೊರೆತದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಅದನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದವರು ಪಂಡಿತ ರುದ್ರಪಟ್ಟಣ ಶಾಮಶಾಸ್ತ್ರಿಗಳು. ಕನ್ನಡಿಗರಿಗೆ ಈ ವಿಷಯದಲ್ಲಿ ಅಷ್ಟರಮಟ್ಟಿನ ಬಾಧ್ಯತೆಯಿದೆ ಎಂದುಕೊಳ್ಳೋಣ.

ಪಾಣಿನಿಯು ಇನ್ನೊಂದು ಸೂಕ್ಷ್ಮವನ್ನು ಕಂಡಿದ್ದನು. 'ಅಲ್ಲಿ ಹುಟ್ಟಿದ್ದು' ಎಂಬುದು ಒಂದು ಅರ್ಥ, 'ಅಲ್ಲಿಂದ ಬಂದದ್ದು' ಎಂಬುದು ಬೇರೊಂದು ಅರ್ಥ. ಪ್ರತ್ಯಯದ ರೂಪ ಒಂದೇ ಆದರೂ ಅರ್ಥವನ್ನು ಬೇರೆ ಬೇರೆಯಾಗಿಯೇ ಹೇಳಿದ್ದಾನೆ. ನಂಜನಗೂಡಿನ ರಸಬಾಳೆಯೆಂದು ಕೂಗುವ ಹಣ್ಣಿನವನ ತಕ್ಕಡಿಯ ಮುಂದೆ ನಿಂತ ಯಾವ ಗೃಹಿಣಿಯೂ ಈ ಭೇದವನ್ನು ಬಲ್ಲಳು. ನಂಜನಗೂಡಿನ ಸಂತೆಯಿಂದ ಬಂದ ಬಾಳೆಯೆಲ್ಲ ನಂಜನಗೂಡಿನ ಬಾಳೆಯಲ್ಲ. ಜರ್ಮನರ ಶಾಸನವು ಕಲಸಿಬಿಟ್ಟದ್ದು ಈ ಎರಡು ಅರ್ಥಗಳನ್ನೇ.

ಈಗ ಮೋಸೆಲ್ ನದಿಯ ಕಡೆಗೆ ಹೋಗೋಣ. ಅದು ಫ್ರಾನ್ಸಿನ ವೋಜ್ ಪರ್ವತಗಳಲ್ಲಿ ಹುಟ್ಟಿ, ಹಾವಿನಂತೆ ಬಳಸಿ ಬಳಸಿ ಹರಿದು, ಕೋಬ್ಲೆನ್ಸ್ ನಗರದಲ್ಲಿ ರೈನ್ ನದಿಯನ್ನು ಕೂಡುತ್ತದೆ. ಪ್ರದೇಶವು ಭೂಮಧ್ಯರೇಖೆಯಿಂದ ಸುಮಾರು 50 ಅಂಶ ಉತ್ತರಕ್ಕಿರುವುದು. ದ್ರಾಕ್ಷಿಯು ಮಾಗುವುದಕ್ಕೆ ಅದು ಬಹುಮಟ್ಟಿಗೆ ಕಡೆಯ ಎಲ್ಲೆ. ಅಲ್ಲಿ ಸೂರ್ಯನು ದಾನಿಯಲ್ಲ, ಲೆಕ್ಕವಿಟ್ಟು ಕೊಡುವ ಲೋಭಿ. ಆದಕಾರಣ ನದಿಯ ತಿರುವುಗಳಲ್ಲಿ ದಕ್ಷಿಣಕ್ಕೆ ಮುಖಮಾಡಿ ಬಿಸಿಲಿಗೆ ಎದೆಯೊಡ್ಡಿ ನಿಂತ ಕಡಿದಾದ ಓರೆಗಳಲ್ಲಿ ಮಾತ್ರ ರೀಸ್ಲಿಂಗ್ ಎಂಬ ಅಲ್ಲಿಯ ಶ್ರೇಷ್ಠಜಾತಿಯ ದ್ರಾಕ್ಷಿಯು ಚೆನ್ನಾಗಿ ಮಾಗುತ್ತಿತ್ತು. ಆ ಓರೆಗಳ ನೆಲವೆಲ್ಲ ಸ್ಲೇಟು ಕಲ್ಲು. ನಾವು ಬಾಲ್ಯದಲ್ಲಿ ಬಳಪ ಹಿಡಿದು ಮಗ್ಗಿ ಬರೆದೆವಲ್ಲ, ಆ ಕುಲದ ಕಲ್ಲೇ. ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಬಳ್ಳಿಯ ಬುಡಕ್ಕೆ ಹಿಂದಿರುಗಿಸುವುದು ಅದರ ಗುಣ. ಬ್ರೆಮ್ ಎಂಬ ಹಳ್ಳಿಯ ಕಾಲ್ಮೋಂಟ್ ತೋಟದ ಓರೆಯು ಕೆಲವೆಡೆ ಸುಮಾರು 65 ಅಂಶದಷ್ಟು ಕಡಿದು. ನಮ್ಮ ಮನೆಯ ಅಟ್ಟದ ಏಣಿಯನ್ನು ನೆನೆದರೆ ವಾಚಕರಿಗೆ ಅಂದಾಜಾದೀತು. ಅಲ್ಲಿ ಎತ್ತೂ ಇಲ್ಲ, ಯಂತ್ರವೂ ಇಲ್ಲ. ಮನುಷ್ಯನು ಮೊಣಕಾಲೂರಿ ಬಳ್ಳಿಗಳ ನಡುವೆ ಕೆಲಸ ಮಾಡಬೇಕು.

ಯಾವ ಓರೆಯಲ್ಲಿ ಉತ್ತಮ ಹಣ್ಣು, ಯಾವುದರಲ್ಲಿ ಮಧ್ಯಮವೆಂಬುದು ಶತಮಾನಗಳ ಅನುಭವದಿಂದ ಜನಕ್ಕೆ ತಿಳಿದಿತ್ತು. ಜನಕ್ಕೆ ತಿಳಿದದ್ದು ಕಂದಾಯದವರಿಗೆ ತಿಳಿಯದೆ ಹೋದೀತೇ? 1868ರಲ್ಲಿ ಪ್ರಷ್ಯಾ ಸರ್ಕಾರದ ಕ್ಲೋಟ್ಟೆನ್ ಎಂಬ ಅಧಿಕಾರಿಯು ಮೋಸೆಲ್ ಮತ್ತು ಅದರ ಉಪನದಿಯಾದ ಸಾರ್ ತೀರದ ತೋಟಗಳ ನಕ್ಷೆಯನ್ನು ಸಿದ್ಧಪಡಿಸಿದನು. ಭೂಮಿಯ ನಿವ್ವಳ ಉತ್ಪತ್ತಿಗೆ ತಕ್ಕಂತೆ ತೋಟಗಳಿಗೆ ಬಣ್ಣದ ಛಾಯೆಗಳನ್ನು ಕೊಟ್ಟನು. ಗಾಢವರ್ಣವಿದ್ದಲ್ಲಿ ಹೆಚ್ಚಿನ ತೆರಿಗೆ. ಅದಕ್ಕೆ ಒಂದು ವರ್ಷ ಮುಂಚೆ ರೈನ್‌ಗೌ ಪ್ರಾಂತಕ್ಕೂ ಡ್ಯೂಂಕೆಲ್‌ಬೆರ್ಗ್ ಎಂಬವನು ಅಂತಹುದೇ ನಕ್ಷೆಯನ್ನು ಮಾಡಿದ್ದನು. ತಮ್ಮ ಭೂಮಿ ಸಾಧಾರಣವೆಂದು ಹೇಳಿಕೊಳ್ಳುವ ಲಾಭ ಎಲ್ಲರಿಗೂ ಇದ್ದ ಕಾಲದಲ್ಲಿ ಉತ್ತಮವೆಂದು ಗುರುತಾದ ಭೂಮಿಯು ನಿಜವಾಗಿಯೂ ಉತ್ತಮವೇ ಇರಬೇಕು. ನಮ್ಮ ದೃಷ್ಟಿಯಲ್ಲಿ ತೆರಿಗೆಯ ನಕ್ಷೆಗಿಂತ ನಿಷ್ಪಕ್ಷಪಾತವಾದ ವರ್ಗೀಕರಣ ಮತ್ತೊಂದಿರಲಾರದು.

ತೋಟಗಳ ಹೆಸರುಗಳೋ, ಒಂದೊಂದೂ ಒಂದು ಕಥೆ. ಯ್ಯೂರ್ಸಿಗ್ ಹಳ್ಳಿಯದು 'ಸಂಬಾರದ ತೋಟ', ಎರ್ಡೆನ್ ಹಳ್ಳಿಯದು 'ಕಿರುಮೆಟ್ಟಿಲು', ಗ್ರಾಖ್ ಹಳ್ಳಿಯದು 'ಸ್ವರ್ಗರಾಜ್ಯ'. ವೇಲೆನ್ ಎಂಬ ಹಳ್ಳಿಯಲ್ಲಿ 1842ರಲ್ಲಿ ಯೋಡೋಕುಸ್ ಪ್ರ್ಯೂಮ್ ಎಂಬ ತೋಟಗಾರನು, ಓರೆಯಲ್ಲಿ ದುಡಿಯುವ ಆಳುಗಳು ಹೊತ್ತನ್ನು ತಿಳಿದುಕೊಳ್ಳಲೆಂದು ಬಂಡೆಯ ಮೇಲೆ ನೆರಳುಗಡಿಯಾರವನ್ನು ಕಟ್ಟಿಸಿದನು. ಸುತ್ತಣ ತೋಟಕ್ಕೆ 'ಸೂರ್ಯಘಟಿಕೆ' ಎಂಬ ಅರ್ಥದ ಹೆಸರೇ ನಿಂತಿತು. ಬೆರ್ನ್‌ಕಾಸ್ಟೆಲ್ ಊರಿನ ಮೇಲಣ ತೋಟಕ್ಕೆ 'ಡಾಕ್ಟರ್' ಎಂದು ಹೆಸರು. ಹದಿನಾಲ್ಕನೆಯ ಶತಮಾನದಲ್ಲಿ ಟ್ರೀರ್ ನಗರದ ಆರ್ಚ್‌ಬಿಷಪ್ಪನಾದ ಎರಡನೆಯ ಬೋಎಮುಂಡನು ಜ್ವರದಿಂದ ಮಲಗಿದ್ದಾಗ ವೈದ್ಯರೆಲ್ಲ ಕೈಬಿಟ್ಟರೆಂದೂ, ಆ ತೋಟದ ರಸವನ್ನು ಕುಡಿದು ಎದ್ದು ಕುಳಿತು, ಇದೇ ನಿಜವಾದ ವೈದ್ಯನೆಂದನೆಂದೂ ಐತಿಹ್ಯ. ಐತಿಹ್ಯಕ್ಕೆ ಪ್ರಮಾಣ ಕೇಳಬಾರದು. ತೋಟದವರಿಗೆ ಲಾಭವಾದದ್ದು ಮಾತ್ರ ನಿಜ.

ಆದರೆ ಆ ಸೀಮೆಯಲ್ಲಿ ತಂದೆಯ ಭೂಮಿಯನ್ನು ಮಕ್ಕಳೆಲ್ಲರೂ ಸಮವಾಗಿ ಹಂಚಿಕೊಳ್ಳುವ ದಾಯಕ್ರಮವಿತ್ತು. ತೋಟಗಳು ತುಂಡಾದವು, ತುಂಡಿಗೊಂದು ಹೆಸರಾಯಿತು. ಕಾಲಕ್ರಮದಲ್ಲಿ ಜರ್ಮನಿಯಲ್ಲಿ ತೋಟಗಳ ಹೆಸರುಗಳು ಸುಮಾರು 30,000ಕ್ಕೆ ಏರಿದವು. ಕೊಳ್ಳುವವನು ಇಷ್ಟನ್ನು ನೆನಪಿನಲ್ಲಿಡುವುದೆಂತು? ಪಶ್ಚಿಮ ಜರ್ಮನಿಯ ಶಾಸಕರು ಈ ಗೊಂದಲವನ್ನು ಕಳೆಯಹೊರಟು 1971ರ ಜುಲೈ ತಿಂಗಳಲ್ಲಿ ಹೊಸ ಮದ್ಯಶಾಸನವನ್ನು ಜಾರಿಗೆ ತಂದರು. ಉದ್ದೇಶ ಒಳ್ಳೆಯದೇ. 30,000 ಹೆಸರುಗಳು ಸುಮಾರು 2,600ಕ್ಕೆ ಇಳಿದವು. ಇಂತಹ ಒಂದು ತೋಟಕ್ಕೆ 'ಐನ್ಸೆಲ್‌ಲಾಗೆ', ಅಂದರೆ ಒಂಟಿತೋಟವೆಂದು ಪರಿಭಾಷೆ. ಅದಕ್ಕೆ ಸಾಮಾನ್ಯವಾಗಿ ಕನಿಷ್ಠ ಐದು ಹೆಕ್ಟೇರ್, ಅಂದರೆ ಹನ್ನೆರಡು ಎಕರೆಗೆ ಸ್ವಲ್ಪ ಮೇಲ್ಪಟ್ಟು, ವಿಸ್ತಾರವಿರಬೇಕೆಂದು ವಿಧಿಸಿದರು. ಸಣ್ಣವು ದೊಡ್ಡವುಗಳಲ್ಲಿ ಲೀನವಾದವು. ಪ್ರಸಿದ್ಧ ತೋಟಗಳ ಹೆಸರುಗಳು ಹಿಗ್ಗಿ ಪಕ್ಕದ ಸಾಧಾರಣ ನೆಲವನ್ನೂ ನುಂಗಿದವು. 'ಸೂರ್ಯಘಟಿಕೆ'ಯ ಹೆಸರು ಆ ನೆರಳುಗಡಿಯಾರದ ನೆರೆಯನ್ನು ಮೀರಿ ಬಹುದೂರ ಹಬ್ಬಿತು.

'ಡಾಕ್ಟರ್' ತೋಟದ ಮೇಲೆ ನಡೆದ ವ್ಯಾಜ್ಯವು ಸ್ವಾರಸ್ಯವಾದುದು. ಅದು ಐದು ಹೆಕ್ಟೇರಿಗಿಂತ ಕಿರಿದು. ಶಾಸನದ ಅಳತೆಗೆ ಹೊಂದಿಸಲು ನೆರೆಯ ಭೂಮಿಯನ್ನು ಅದರೊಳಕ್ಕೆ ಸೇರಿಸಲಾಯಿತು. ನೆರೆಯವರಿಗೆ ಒಂದೇ ರಾತ್ರಿಯಲ್ಲಿ ನಿಧಿ ದೊರೆತಂತಾಯಿತು. ಮೂಲದ ಒಡೆಯರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ವ್ಯಾಜ್ಯವು 1984ರವರೆಗೂ ಎಳೆಯಿತು. ಕಡೆಗೆ ತೋಟದ ಎಲ್ಲೆಯು 3.26 ಹೆಕ್ಟೇರ್ ಎಂದು ನಿರ್ಣಯವಾಯಿತು. ಎಂಟು ಎಕರೆಯ ಒಂದು ಬೆಟ್ಟದ ಓರೆಗಾಗಿ ಹದಿಮೂರು ವರ್ಷ! ಹೆಸರಿನ ಬೆಲೆ ಏನೆಂಬುದನ್ನು ತಿಳಿಯಲು ಬೇರೆ ಪ್ರಮಾಣ ಬೇಕೇ?

ಇಷ್ಟಾಗಿದ್ದರೂ ಸಹಿಸಬಹುದಾಗಿತ್ತು. ನಿಜವಾದ ಅನರ್ಥಕ್ಕೆ ಕಾರಣವಾದುದು 'ಗ್ರೋಸ್‌ಲಾಗೆ' ಎಂಬ ಇನ್ನೊಂದು ಪರಿಭಾಷೆ. ಅನೇಕ ಊರುಗಳ ಅನೇಕ ತೋಟಗಳನ್ನು ಒಂದು ಗುಂಪಾಗಿ ಕಟ್ಟಿ, ಆ ಗುಂಪಿಗೆ ಒಂದು ತೋಟದಂತಹ ಹೆಸರನ್ನೇ ಕೊಟ್ಟು, ಅದರ ಹಿಂದೆ ಆ ಗುಂಪಿನೊಳಗಣ ಪ್ರಸಿದ್ಧ ಊರ ಹೆಸರನ್ನು ಪ್ರತ್ಯಯಸಹಿತವಾಗಿ ಬರೆದುಕೊಳ್ಳಲು ಶಾಸನವು ಅನುಮತಿಯಿತ್ತಿತು. ಇದು ಗುಂಪಿನ ಹೆಸರು ಎಂಬ ಒಂದಕ್ಷರದ ಸೂಚನೆಯೂ ಚೀಟಿಯ ಮೇಲೆ ಬೇಕಾಗಿರಲಿಲ್ಲ. 'ಪೀಸ್‌ಪೋರ್ಟರ್ ಮಿಖೆಲ್ಸ್‌ಬೆರ್ಗ್' ಅಂತಹುದು. ರೈನ್ ತೀರದ ನೀರ್‌ಸ್ಟೈನ್ ಎಂಬ ಊರು ತನ್ನ ಕೆಂಪುಮಣ್ಣಿನ ಓರೆಗಳಿಗೆ ಹೆಸರಾದುದು. 'ನೀರ್‌ಸ್ಟೈನರ್ ಗೂಟೆಸ್ ಡೋಮ್‌ಟಾಲ್' ಎಂಬ ಗುಂಪಿನಲ್ಲಿ ನೀರ್‌ಸ್ಟೈನಿಗೆ ಸೇರಿದ ತೋಟ ಒಂದೇ ಒಂದು. ಮಿಕ್ಕವೆಲ್ಲ ಒಳನಾಡಿನ ಇತರ ಹಳ್ಳಿಗಳವು. ಪ್ರತ್ಯಯಕ್ಕೆ 'ಅಲ್ಲಿ ಹುಟ್ಟಿದ್ದು' ಎಂಬ ಅರ್ಥ ಹೋಗಿ, 'ಅಲ್ಲಿಂದ ಬಂದದ್ದು' ಎಂಬುದೂ ಹೋಗಿ, 'ಅದರ ಆಸುಪಾಸಿನದು' ಎಂಬ ಮೂರನೆಯ ಅರ್ಥ ಬಂದಿತು. ಇದನ್ನು ಯಾವ ವೈಯಾಕರಣನೂ ವಿಧಿಸಿರಲಿಲ್ಲ.

ಇಂತಹ ಹೆಸರಿನ ಅಪಹಾರಕ್ಕೆ ಹಿಂದೆಯೂ ದೃಷ್ಟಾಂತವಿತ್ತು. ವೊರ್ಮ್ಸ್ ನಗರದಲ್ಲಿ ಮೇರಿಮಾತೆಯ ಚರ್ಚಿನ ಪ್ರಾಕಾರದ ಸುತ್ತಣ ಕಿರುತೋಟದ ರಸಕ್ಕೆ 'ಲೀಬ್‌ಫ್ರೌಮಿಲ್ಖ್' ಎಂದು ಹೆಸರಿತ್ತು. ಆ ಹೆಸರು ಜನಪ್ರಿಯವಾಗಿ, ವರ್ತಕರ ಕೈಗೆ ಸಿಕ್ಕಿ, ರೈನ್ ಸೀಮೆಯ ಸಿಹಿಯಾದ ಅಗ್ಗದ ಮದ್ಯಕ್ಕೆಲ್ಲ ಸಾಧಾರಣನಾಮವಾಯಿತು. ಮೂಲತೋಟದ ರಸವನ್ನು ಬೇರೆ ಹೆಸರಿನಿಂದ ಮಾರಬೇಕಾಗಿ ಬಂದಿತು. ಸ್ವಂತ ಮನೆಯಲ್ಲಿ ಬಾಡಿಗೆಗಿದ್ದಂತೆ!

ಹಾಗಾದರೆ 1971ರ ಶಾಸನವು ಗುಣದ ತಾರತಮ್ಯವನ್ನು ಯಾವುದರಿಂದ ನಿರ್ಣಯಿಸಿತು? ಸಕ್ಕರೆಯಿಂದ. ಫೊರ್ಟ್ಸ್‌ಹೈಮ್ ಎಂಬ ಊರಿನಲ್ಲಿ ಅಕ್ಕಸಾಲೆಯ ಕೆಲಸವನ್ನೂ ಯಂತ್ರದ ಕೆಲಸವನ್ನೂ ಬಲ್ಲ ಫರ್ಡಿನಾಂಡ್ ಓಕ್ಸ್ಲೆ (1774–1852) ಎಂಬವನಿದ್ದನು. ಹಿಂಡಿದ ದ್ರಾಕ್ಷಿರಸದಲ್ಲಿ ತೇಲಿಬಿಟ್ಟು ಅದರ ಸಾಂದ್ರತೆಯನ್ನು ಅಳೆಯುವ ಕೊಳವೆಯು ಅವನ ಹೆಸರಿನಿಂದ ಪ್ರಸಿದ್ಧವಾಯಿತು. ಒಂದು ಲೀಟರ್ ರಸವು ಒಂದು ಲೀಟರ್ ನೀರಿಗಿಂತ ಎಷ್ಟು ಗ್ರಾಂ ಹೆಚ್ಚು ತೂಗುವುದೋ ಅಷ್ಟು 'ಓಕ್ಸ್ಲೆ ಅಂಶ'. ರಸವು 1,080 ಗ್ರಾಂ ತೂಗಿದರೆ 80 ಅಂಶ. ಹಣ್ಣು ಮಾಗಿದಷ್ಟೂ ಸಕ್ಕರೆ ಹೆಚ್ಚು, ಅಂಶವೂ ಹೆಚ್ಚು. ಶಾಸನವು ಈ ಏಣಿಯಲ್ಲಿ ಮೆಟ್ಟಿಲುಗಳನ್ನು ಕಟ್ಟಿತು. ಸೀಮೆಗೂ ಹಣ್ಣಿನ ಜಾತಿಗೂ ತಕ್ಕಂತೆ ಕನಿಷ್ಠ 67ರಿಂದ 82 ಅಂಶವಿದ್ದರೆ 'ಕಾಬಿನೆಟ್'. 76ರಿಂದ 90 ಇದ್ದರೆ ತಡವಾಗಿ ಕೊಯ್ದದ್ದೆಂಬ ಅರ್ಥದ 'ಶ್ಪೇಟ್‌ಲೇಸೆ'. 83ರಿಂದ 100 ಇದ್ದರೆ ಆಯ್ದ ಗೊಂಚಲಿನದೆಂಬ 'ಔಸ್‌ಲೇಸೆ'. 110ರ ಮೇಲೆ ಆಯ್ದ ಬಿಡಿಹಣ್ಣಿನದು. 150ರ ಮೇಲೆ, ಬೂಷ್ಟು ಹಿಡಿದು ಬಳ್ಳಿಯಲ್ಲಿಯೇ ಒಣದ್ರಾಕ್ಷಿಯಂತೆ ಮುರುಟಿದ ಹಣ್ಣನ್ನು ಒಂದೊಂದಾಗಿ ಬಿಡಿಸಿ ಹಿಂಡಿದ್ದು. ತಡವಾಗಿ ಕೊಯ್ಯುವ ಕ್ರಮಕ್ಕೂ ಒಂದು ಕಥೆಯಿದೆ. 1775ರಲ್ಲಿ ಯೋಹಾನಿಸ್‌ಬೆರ್ಗ್ ಮಠದವರು ಕುಯ್ಲಿನ ಅಪ್ಪಣೆಗಾಗಿ ಫುಲ್ಡಾ ನಗರದ ತಮ್ಮ ಪ್ರಭುವಿನ ಬಳಿಗೆ ಸವಾರನನ್ನು ಅಟ್ಟಿದರು, ಅವನು ತಡವಾಗಿ ಬಂದನು, ಹಣ್ಣೆಲ್ಲ ಕೊಳೆತಂತಾಗಿತ್ತು, ಹಾಳಾಯಿತೆಂದುಕೊಂಡು ಹಿಂಡಿದರೆ ರಸವು ಅಮೃತವಾಗಿತ್ತಂತೆ. ಸೋಮಾರಿಯಾದ ದೂತನಿಗೆ ವಿಗ್ರಹ ನಿಲ್ಲಿಸಿದ ಊರು ಪ್ರಪಂಚದಲ್ಲಿ ಅದೊಂದೇ ಇದ್ದೀತು.

ಸಕ್ಕರೆಯ ಅಳತೆಯಲ್ಲಿ ತಪ್ಪೇನು? ಹಿಂದಿನ ಕಾಲಕ್ಕೆ ತಪ್ಪಿರಲಿಲ್ಲ. ಶೀತದೇಶದಲ್ಲಿ ರೀಸ್ಲಿಂಗ್ ದ್ರಾಕ್ಷಿಗೆ ಸಕ್ಕರೆ ತುಂಬಬೇಕಾದರೆ ಅದು ಉತ್ತಮವಾದ ಓರೆಯಲ್ಲಿಯೇ ಬೆಳೆದಿರಬೇಕು. ಸಕ್ಕರೆಯು ಸ್ಥಳಕ್ಕೆ ಸಾಕ್ಷಿಯಾಗಿತ್ತು. ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ. ಆದರೆ ಹೊಗೆಯನ್ನು ಬೇರೆ ಉಪಾಯದಿಂದಲೂ ಎಬ್ಬಿಸಬಹುದೆಂದಾದರೆ ಅನುಮಾನವು ಕೆಡುವುದು. ತರ್ಕದವರು ಇದನ್ನು ವ್ಯಭಿಚಾರದೋಷವೆನ್ನುವರು. ಹಾಗೆಯೇ ಆಯಿತು. ಬೇಗನೆ ಮಾಗುವ ಸಂಕರಜಾತಿಗಳು ಬಂದವು. 1882ರಲ್ಲಿ ಹೆರ್ಮಾನ್ ಮ್ಯುಲ್ಲರ್ ಎಂಬ ವಿದ್ವಾಂಸನು ಗೈಸನ್‌ಹೈಮಿನಲ್ಲಿ ಪ್ರಾರಂಭಿಸಿದ ಪ್ರಯೋಗದಿಂದ ಹುಟ್ಟಿದ 'ಮ್ಯುಲ್ಲರ್-ತುರ್ಗೌ' ಜಾತಿಯು ಅವುಗಳ ಪೈಕಿ ಮುಖ್ಯವಾದುದು. ತರುವಾಯ ಇನ್ನೂ ಹಲವು ಬಂದವು. ಅವು ಹಿಂದೆ ಗೋಧಿಯನ್ನೂ ಬೀಟ್‌ಗೆಡ್ಡೆಯನ್ನೂ ಬೆಳೆಯುತ್ತಿದ್ದ ಬಯಲಿನಲ್ಲಿಯೂ ಮಾಗಿ ಬೇಕಾದಷ್ಟು ಸಕ್ಕರೆಯನ್ನು ಕೊಟ್ಟವು. ಬಯಲಿನಲ್ಲಿ ಯಂತ್ರದಿಂದ ಕೊಯ್ದ ರಸಕ್ಕೂ, ಏಣಿಯಂತಹ ಬೆಟ್ಟದಲ್ಲಿ ಮೊಣಕಾಲೂರಿ ಕೊಯ್ದ ರಸಕ್ಕೂ ಶಾಸನವು ಒಂದೇ ಬಿರುದನ್ನಿತ್ತಿತು. ಮಕ್ಕಳ ವಿದ್ಯೆಯನ್ನು ಅಕ್ಷರದ ಅಂದದಿಂದಲೇ ಅಳೆದು ಅಂಕಗಳನ್ನು ಕೊಟ್ಟ ಉಪಾಧ್ಯಾಯರನ್ನು ನಾವು ಕಂಡಿದ್ದೇವೆ. ಎಳೆಯ ವಯಸ್ಸಿನಲ್ಲಿ ನಾವೂ ಕೆಲಕಾಲ ಆ ಪಂಗಡದಲ್ಲಿದ್ದೆವೆಂದು ಒಪ್ಪಿಕೊಳ್ಳುತ್ತೇವೆ.

ಇದರ ನಷ್ಟ ಬಿದ್ದದ್ದು ಬೆಟ್ಟದ ತೋಟಗಾರನ ಮೇಲೆ. ಓರೆಯ ತೋಟಕ್ಕೆ ಬಯಲಿನ ತೋಟಕ್ಕಿಂತ ಹಲವು ಪಟ್ಟು ದುಡಿಮೆ ಬೇಕು. ಆ ದುಡಿಮೆಗೆ ಅವನಿಗಿದ್ದ ಪ್ರತಿಫಲವೆಂದರೆ ಊರಿನ ಮತ್ತು ತೋಟದ ಹೆಸರು. ಅಂಗಡಿಯಲ್ಲಿ 'ಪೀಸ್‌ಪೋರ್ಟರ್' ಎಂಬುದು ಅಗ್ಗಕ್ಕೆ ದೊರೆಯುವಾಗ ಅವನ 'ಪೀಸ್‌ಪೋರ್ಟರ್'ಗೆ ಹೆಚ್ಚು ಹಣವನ್ನು ಯಾರು ಕೊಟ್ಟಾರು? ತಂದೆಯ ತರುವಾಯ ಮಗನು ಪಟ್ಟಣದ ಕಾರ್ಖಾನೆಗೆ ಹೋದನು, ಕಲ್ಲುಕಟ್ಟಣೆಗಳು ಕುಸಿದವು, ಬಳ್ಳಿಯಿದ್ದಲ್ಲಿ ಮುಳ್ಳುಪೊದೆ ಹಬ್ಬಿತು. 1990ರ ಸುಮಾರಿಗೆ ಮೋಸೆಲ್ ಸೀಮೆಯಲ್ಲಿ 12,000 ಹೆಕ್ಟೇರಿಗೂ ಮೇಲ್ಪಟ್ಟಿದ್ದ ದ್ರಾಕ್ಷಿಯ ಭೂಮಿಯು ಇತ್ತೀಚಿನ ವರ್ಷಗಳಲ್ಲಿ 9,000ಕ್ಕೂ ಕಡಿಮೆಯಾಗಿದೆ. ಎಲ್ಲಕ್ಕೂ ಶಾಸನವೇ ಕಾರಣವೆನ್ನುವುದು ಅನ್ಯಾಯ. ಕೂಲಿಯ ದುಬಾರಿಯೂ ಕಾಲದ ರುಚಿಯೂ ಕಾರಣಗಳೇ. ಆದರೆ ಹೆಸರಿನ ಮಾನವನ್ನು ಕಳೆದದ್ದು ಗಾಯದ ಮೇಲೆ ಬರೆಯಾಯಿತೆಂಬುದರಲ್ಲಿ ಸಂಶಯವಿಲ್ಲ.

ಪ್ರತಿಕ್ರಿಯೆಯು ಸರ್ಕಾರದಿಂದ ಮೊದಲಾಗದೆ ತೋಟಗಾರರಿಂದಲೇ ಮೊದಲಾಯಿತು. 1910ರಲ್ಲಿ ಸ್ಥಾಪಿತವಾದ ಅವರ ಒಂದು ಸಂಘವಿದೆ. ಈಗ ಅದನ್ನು ವಿ.ಡಿ.ಪಿ. ಎನ್ನುವರು. ಸುಮಾರು 200 ಮನೆತನಗಳೂ ಸಂಸ್ಥೆಗಳೂ ಅದರ ಸದಸ್ಯರು. ಎದೆಯಲ್ಲಿ ದ್ರಾಕ್ಷಿಗೊಂಚಲನ್ನು ಧರಿಸಿದ ಹದ್ದು ಅವರ ಲಾಂಛನ. ಇವರು ಹಳೆಯ ತೆರಿಗೆಯ ನಕ್ಷೆಗಳ ಧೂಳು ಕೊಡವಿ, ಯಾವ ಓರೆಗಳು ಪೂರ್ವದಲ್ಲಿ ಉತ್ತಮವೆನಿಸಿದ್ದವೋ ಅವುಗಳಿಗೆ ಮತ್ತೆ ಪ್ರಾಶಸ್ತ್ಯವನ್ನು ಕೊಡಹೊರಟರು. 2002ರಿಂದ ಅತ್ಯುತ್ತಮ ತೋಟದ ಸಿಹಿಯಿಲ್ಲದ ರಸಕ್ಕೆ 'ಗ್ರೋಸೆಸ್ ಗೆವೆಕ್ಸ್', ಅಂದರೆ ಮಹಾಬೆಳೆ ಎಂಬ ಹೆಸರನ್ನು ಬಳಸತೊಡಗಿದರು. 2012ರಲ್ಲಿ ತಮ್ಮೊಳಗೆ ನಾಲ್ಕು ಮೆಟ್ಟಿಲುಗಳನ್ನು ನಿಶ್ಚಯಿಸಿಕೊಂಡರು: ಒಡೆಯನ ಹೆಸರಿನದು, ಊರ ಹೆಸರಿನದು, ಮೊದಲ ವರ್ಗದ ತೋಟದ್ದು, ಮಹಾತೋಟದ್ದು. ಹೆಸರು ಕಿರಿದಾದಷ್ಟೂ ಮರ್ಯಾದೆ ಹಿರಿದು. ರೈನ್‌ಗೌ ಸೀಮೆಯಲ್ಲಿ ಮಾತ್ರ ಹೆಸ್ಸೆ ಸಂಸ್ಥಾನದ ಸರ್ಕಾರವು 1999ರಲ್ಲಿಯೇ 'ಏರ್ಸ್ಟೆಸ್ ಗೆವೆಕ್ಸ್' ಎಂಬ ವರ್ಗಕ್ಕೆ ಕಾಯಿದೆಯ ಮುದ್ರೆಯನ್ನೊತ್ತಿತ್ತು.

ಇಲ್ಲಿ ಇನ್ನೊಂದು ಪದವನ್ನು ಹೇಳಬೇಕು. ಸ್ವಂತ ತೋಟದಲ್ಲಿ ಬೆಳೆದ ಹಣ್ಣನ್ನು ತಾನೇ ಹಿಂಡಿ ಸೀಸೆಗೆ ತುಂಬಿದವನು 'ಗೂಟ್ಸ್‌ಆಪ್‌ಫ್ಯುಲ್ಲುಂಗ್' ಎಂದು ಬರೆದುಕೊಳ್ಳಬಹುದು. ಅದಕ್ಕೆ ಹಣ್ಣೆಲ್ಲವೂ ಅವನ ತೋಟದ್ದೇ ಆಗಿರಬೇಕು, ರಸ ತಯಾರಿಸುವವನು ಆ ವಿದ್ಯೆಯಲ್ಲಿ ತರಬೇತಾಗಿರಬೇಕು, ಲೆಕ್ಕಪತ್ರಗಳಿರಬೇಕು. ನಮ್ಮ ಕಡೆ ಮನೆಯ ತೋಟದ ತೆಂಗಿನಿಂದ ಮನೆಯಲ್ಲಿಯೇ ಎಣ್ಣೆ ತೆಗೆದುಕೊಡುವವರ ಮಾತಿಗೆ ಇರುವ ಬೆಲೆಯನ್ನೇ ಇದು ಕಾಯಿದೆಯಲ್ಲಿ ಬರೆದಿಟ್ಟಂತೆ.

ಅತ್ತ 2009ರ ಸುಮಾರಿನಲ್ಲಿ ಯುರೋಪಿನ ಒಕ್ಕೂಟವು ತನ್ನ ಎಲ್ಲ ದೇಶಗಳ ಮದ್ಯಗಳನ್ನೂ ಹುಟ್ಟಿದ ಸ್ಥಳದ ಆಧಾರದಿಂದ ವಿಂಗಡಿಸತಕ್ಕದ್ದೆಂದು ನಿಯಮಮಾಡಿತು. ಜರ್ಮನರಿಗೆ ತಮ್ಮ ಸಕ್ಕರೆಯ ಏಣಿಯೊಂದನ್ನೇ ನೆಚ್ಚಿರಲು ಆಸ್ಪದ ಉಳಿಯಲಿಲ್ಲ. ಹವೆಯೂ ಬದಲಾಗಿತ್ತು, ಭೂಮಿ ಬಿಸಿಯಾದಂತೆ ಮೋಸೆಲಿನಲ್ಲಿಯೂ ರೀಸ್ಲಿಂಗ್ ಬಹುತೇಕ ಪ್ರತಿವರ್ಷವೂ ಮಾಗತೊಡಗಿತ್ತು. ಸುಲಭವಾದುದನ್ನು ಶ್ರೇಷ್ಠವೆಂದು ಎಷ್ಟು ದಿನ ಕರೆಯಲಾದೀತು? 2021ರ ಜನವರಿಯಲ್ಲಿ ತಿದ್ದುಪಡಿಯಾದ ಶಾಸನವೂ, ಅದೇ ವರ್ಷದ ಮೇ ತಿಂಗಳಲ್ಲಿ ಅದರ ನಿಯಮಾವಳಿಯೂ ಜಾರಿಗೆ ಬಂದವು. ಗುಣವರ್ಗದ ಮದ್ಯಕ್ಕೆ ಈಗ ಸ್ಥಳವೇ ಏಣಿ: ಮೊದಲು ಸೀಮೆ, ಮೇಲೆ ಊರು, ಅದಕ್ಕೂ ಮೇಲೆ ಒಂಟಿತೋಟ. ಒಂಟಿತೋಟದ ಹೆಸರನ್ನು ಧರಿಸಬೇಕಾದರೆ ಹಣ್ಣು ಕಾಬಿನೆಟ್ ಮಟ್ಟಕ್ಕಾದರೂ ಮಾಗಿರಬೇಕು. ಮುಂದಿನ ವರ್ಷದ ಮಾರ್ಚಿ 1ನೆಯ ತಾರೀಖಿಗೆ ಮುಂಚೆ ಮಾರಕೂಡದು. ಮಹಾಬೆಳೆಯೆನಿಸಬೇಕಾದರೆ ಒಂದೇ ತೋಟದ್ದಾಗಿರಬೇಕು, ಕೈಯಿಂದ ಕೊಯ್ದದ್ದಾಗಿರಬೇಕು, ಸಿಹಿಯುಳಿದಿರಬಾರದು. ಹೆಕ್ಟೇರಿಗೆ 50 ಹೆಕ್ಟೋಲೀಟರಿಗೆ, ಅಂದರೆ 5,000 ಲೀಟರಿಗೆ, ಉತ್ಪತ್ತಿ ಮೀರಬಾರದು. ಕಡಿದಾದ ಓರೆಗೆ ಮಾತ್ರ 60ರವರೆಗೆ ಸಲಿಗೆ. ಬಳ್ಳಿಯಿಂದ ಕಡಿಮೆ ಕೇಳಿದಷ್ಟೂ ಅದು ಉತ್ತಮವಾದುದನ್ನು ಕೊಡುವುದೆಂಬುದು ಇದರ ಮರ್ಮ. ಯಾವ ತೋಟವು ಈ ಪದವಿಗೆ ಅರ್ಹವೆಂಬ ವಿಚಾರದಲ್ಲಿ ಆಯಾ ಸೀಮೆಯ ತೋಟಗಾರರ ರಕ್ಷಣಾಮಂಡಲಿಗಳಿಗೆ ಅಧಿಕಾರವನ್ನು ಕೊಡಲಾಗಿದೆ.

ಗುಂಪಿನ ಹೆಸರುಗಳ ಗತಿಯೇನು? ಅವುಗಳನ್ನು ಅಳಿಸಿಬಿಡಲು ಶಾಸಕರಿಗೆ ಧೈರ್ಯ ಸಾಲದಾಯಿತು; ದೊಡ್ಡ ವರ್ತಕರೂ ಸಹಕಾರ ಸಂಘಗಳೂ ಅವುಗಳನ್ನೇ ನೆಚ್ಚಿದ್ದರು, ಸಂಘಗಳ ಹಿಂದೆ ಸಾವಿರಾರು ಸಣ್ಣ ಬೆಳೆಗಾರರಿದ್ದರು. ಅವರ ಜೀವನವೂ ನೋಡತಕ್ಕದ್ದೇ. ಆದುದರಿಂದ ಮಧ್ಯಮಮಾರ್ಗವನ್ನು ಹಿಡಿದರು: 2025ರ ಸುಗ್ಗಿಯವರೆಗೆ ಹಳೆಯ ಕ್ರಮಕ್ಕೆ ಅವಧಿಯಿತ್ತು, 2026ರ ಸುಗ್ಗಿಯಿಂದ ಗುಂಪಿನ ಹೆಸರಿನ ಮುಂಚೆ 'ರೆಗಿಯೋನ್', ಅಂದರೆ ಪ್ರದೇಶ ಎಂಬ ಪದವನ್ನು ಬರೆಯತಕ್ಕದ್ದೆಂದು ವಿಧಿಸಿದರು. ಬೆಟ್ಟದ ಹಳ್ಳಿಯ ಹೆಸರನ್ನು ಎರವಲು ತರುವ ದಾರಿ ಹೀಗೆ ಮುಚ್ಚಿತು.

ಹೊಸ ಏರ್ಪಾಡೂ ನಿರ್ದುಷ್ಟವೆಂದು ನಾವು ಹೇಳಲಾರೆವು. ಸಕ್ಕರೆಯ ಬಿರುದುಗಳು ಹಾಗೆಯೇ ಉಳಿದಿವೆ. ಎರಡು ಏಣಿಗಳು ಅಕ್ಕಪಕ್ಕದಲ್ಲಿ ನಿಂತರೆ ಹತ್ತುವವನು ತಬ್ಬಿಬ್ಬಾಗುವನು. 1971ರಲ್ಲಿ ಹಿಗ್ಗಿದ ತೋಟಗಳ ಎಲ್ಲೆಗಳನ್ನು ಎಲ್ಲೆಡೆಯೂ ಹಿಂದಕ್ಕೆ ಸರಿಸಿಲ್ಲ. ಅಳಿದುಹೋದ ಕಿರುಹೆಸರುಗಳನ್ನು ಮತ್ತೆ ನೋಂದಾಯಿಸಲು ಇತ್ತೀಚೆಗೆ ಅವಕಾಶ ದೊರೆತಿದೆ, ಅಷ್ಟೆ. ತೋಟದ ಹೆಸರಿದ್ದರೂ ಹಣ್ಣಿನಲ್ಲಿ ನೂರಕ್ಕೆ 85 ಪಾಲು ಆ ತೋಟದ್ದಾದರೆ ಸಾಮಾನ್ಯವಾಗಿ ಸಾಕೆಂಬ ನಿಯಮವೂ ಇದೆ. ಮಿಕ್ಕ ಹದಿನೈದು ಎಲ್ಲಿಯದೆಂದು ಪಾಣಿನಿಯು ಕೇಳದೆ ಬಿಡುತ್ತಿರಲಿಲ್ಲ.

ಇದನ್ನೆಲ್ಲ ಬರೆದು ಶಿಷ್ಯನಿಗೆ ಕಳುಹಿಸಿದೆವು. ಆತನು ಸಂತೋಷಪಟ್ಟು, ಮುಂದಿನ ಬಾರಿ ಊರಿಗೆ ಬರುವಾಗ ಹೊಸ ನಿಯಮದ 'ಮಿಖೆಲ್ಸ್‌ಬೆರ್ಗ್' ಸೀಸೆಯನ್ನೇ ತರುವೆನೆಂದು ಉತ್ತರ ಬರೆದಿದ್ದಾನೆ. ಸೀಸೆ ಬೇಡ, ನೀರಿನಲ್ಲಿ ನೆನೆಸಿ ಚೀಟಿಯನ್ನು ಮಾತ್ರ ಬಿಡಿಸಿ ತಾ ಎಂದು ತಿಳಿಸಿದ್ದೇವೆ.